ಹಳೇ ಪೋರ್ಶೆ 911 ತಗೊಂಡು ಮಲೆನಾಡಲ್ಲಿ ಇಟ್ಕೊಳ್ಳೋದು ಹೇಗೆ

ಬಣ್ಣ ನೋಡಿ ಮರುಳಾಗ್ಬೇಡಿ, ಮೊದ್ಲು ತುಕ್ಕು ನೋಡಿ. 1976ರ ಮಾಡೆಲ್‌ಗಿಂತ ಹಿಂದಿನ ಗಾಡಿಗಳ ಶೀಟಿಗೆ ಪೂರ್ತಿ ಗ್ಯಾಲ್ವನೈಸಿಂಗ್ (ತುಕ್ಕು ಹಿಡೀದೇ ಇರೋಕೆ ಹಾಕೋ ಸತುವಿನ ಲೇಪ) ಇರ್ಲಿಲ್ಲ, ಆಗುಂಬೆ ತೀರ್ಥಹಳ್ಳಿ ಕಡೆ ಮಳೆಗಾಲದ ಥಂಡಿ ಅದನ್ನ ತಿಂದೇ ಹಾಕತ್ತೆ. ಟಾರ್ಚ್ ಹಿಡ್ಕೊಂಡು ಬ್ಯಾಟರಿ ಕೆಳಗೆ, ಜಾಕ್ ಕೊಡೋ ಜಾಗ, ಹೆಡ್‌ಲೈಟ್ ಹಿಂದೆ ಎಲ್ಲಾ ನೋಡಿ, ಕಬ್ಬಿಣ ಇರ್ಬೇಕಾದ ಕಡೆ ಮ್ಯಾಗ್ನೆಟ್ ಅಂಟ್ಲಿಲ್ಲ ಅಂದ್ರೆ ಪುಟ್ಟಿ ತುಂಬಿರ್ತಾರೆ.

ಆಯಿಲ್ ಚೆಕ್ ಮಾಡೋದು ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡ್ತಿರುವಾಗ್ಲೇ, ಸಮತಟ್ಟು ಜಾಗದಲ್ಲಿ, ಬೇರೆ ಕಾರ್ ಥರ ಆಫ್ ಮಾಡಿ ನೋಡಿದ್ರೆ ಲೆವೆಲ್ ತಪ್ಪು ತೋರ್ಸತ್ತೆ.

50 ವರ್ಷ ದಾಟಿದ್ರೆ ವಿಂಟೇಜ್ ನೋಂದಣಿ ಮಾಡ್ಸಬಹುದು, ಹೊಸದಾಗಿ ಮಾಡ್ಸೋಕೆ ಫೀಸ್ 20,000 ರೂಪಾಯಿ, ಆದ್ರೆ ದಿನಾ ಓಡ್ಸೋ ಹಾಗಿಲ್ಲ.

ನನ್ನ ಕೇಳಿದ್ರೆ ಗಾಡಿಗಿಂತ ಮೊದ್ಲು ಗಾಳಿಯಾಡೋ ಶೆಡ್ ಕಟ್ಟಿಸ್ಕೊಳ್ಳಿ, ಟಾರ್ಪಾಲ್ ಮಾತ್ರ ಹೊದಿಸ್ಬೇಡಿ, ಒಳಗೇ ಬೆವರತ್ತೆ.