ಕಲಬುರಗಿಯಿಂದ ಫ್ರೀಲಾನ್ಸ್ ಐಟಿ ಕೆಲಸ: ತಾಸಿನ ದರವನ್ನು ಕಟ್ಟುವುದು ಹೇಗೆ?

ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಎರಡು ಮೂರು ವರ್ಷ ದುಡಿದು, ಮನೆಯ ಕಾರಣಕ್ಕೋ ಕೆಲಸ ಹೋದ ಕಾರಣಕ್ಕೋ ಕಲಬುರಗಿಗೆ ಮರಳಿದವರು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: “ಅಣ್ಣಾ, ತಾಸಿಗಿ ಎಷ್ಟ್ ಕೇಳ್ಬೇಕ್ರಿ?” ನಾನು ಅವರಿಗೆ ಸಂಖ್ಯೆ ಹೇಳುವುದಿಲ್ಲ, ಒಂದು ಹಾಳೆ ಮತ್ತು ಪೆನ್ನು ಕೊಡುತ್ತೇನೆ. ತೊಗರಿ ಬೆಳೆದವನು ಬೀಜ, ಗೊಬ್ಬರ, ಕೂಲಿಯ ಲೆಕ್ಕ ಹಾಕದೆ ಗಂಜ್ ಮಾರುಕಟ್ಟೆಗೆ ಹೋದರೆ ಅಲ್ಲಿ ಕೂಗಿದ ದರಕ್ಕೇ ತಲೆಯಾಡಿಸಿ ಬರಬೇಕಾಗುತ್ತದೆ. ಫ್ರೀಲಾನ್ಸ್ ವೇದಿಕೆಗಳಲ್ಲಿ, ಅಂದರೆ ಬಿಡಿ ಕೆಲಸ ಕೊಡುವವರೂ ಹಿಡಿಯುವವರೂ ಸೇರುವ ಜಾಲತಾಣಗಳಲ್ಲಿ, ನಮ್ಮ ಹುಡುಗರಿಗೆ ಆಗುತ್ತಿರುವುದೂ ಅದೇ ಆದ್ದರಿಂದ, ಪೇಟೆಯ ದರ ನೋಡುವ ಮೊದಲು ನಮ್ಮ ಖರ್ಚಿನ ದರ ತಿಳಿದಿರಬೇಕು.

ಮೊದಲು ಹಾಳೆಯ ಮೇಲಿನ ಲೆಕ್ಕ

ತಿಂಗಳಿಗೆ 40,000 ರೂಪಾಯಿ ಮನೆಗೆ ಬರಬೇಕು ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ 4,80,000 ಬೇಕು. ಇದರ ಮೇಲೆ ಕೆಲಸದ ಖರ್ಚನ್ನು ಬರೆಯಿರಿ. 60,000 ರೂಪಾಯಿಯ ಲ್ಯಾಪ್‌ಟಾಪ್ ಮೂರು ವರ್ಷ ಬಾಳಿದರೆ ವರ್ಷಕ್ಕೆ 20,000, ಎರಡು ಇಂಟರ್ನೆಟ್ ಸಂಪರ್ಕಗಳಿಗೆ ತಿಂಗಳಿಗೆ 1,500ರಂತೆ 18,000, ಇನ್ವರ್ಟರ್ ಮತ್ತು ಬ್ಯಾಟರಿಗೆ ವರ್ಷದ ಪಾಲು 6,000, ಸಾಫ್ಟ್‌ವೇರ್ ಚಂದಾ ಮತ್ತು ಡೊಮೇನಿಗೆ 16,000, ಆರೋಗ್ಯ ವಿಮೆಗೆ 20,000, ಸಿಎ ಅವರಿಗೆ 10,000. ಒಟ್ಟು 90,000 ಆಯಿತು. ಕೆಲಸವೇ ಇಲ್ಲದ ತಿಂಗಳುಗಳಿಗಾಗಿ 60,000 ಎತ್ತಿಡಿ. ಇದನ್ನು ಬಿಟ್ಟವರು ಮೂರನೇ ಖಾಲಿ ತಿಂಗಳಿನಲ್ಲಿ ಸಿಕ್ಕ ದರಕ್ಕೆ ಸಿಕ್ಕ ಕೆಲಸ ಹಿಡಿಯುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಎಲ್ಲ ಸೇರಿ 6,30,000 ರೂಪಾಯಿ.

ಇನ್ನು ತಾಸುಗಳ ಲೆಕ್ಕ. ಬಹುತೇಕರು ತಪ್ಪುವುದು ಇಲ್ಲಿಯೇ, ಏಕೆಂದರೆ ನೌಕರಿಯ ಅಭ್ಯಾಸದಲ್ಲಿ ದಿನಕ್ಕೆ ಎಂಟು ತಾಸು ಎಂದು ಗುಣಿಸಿಬಿಡುತ್ತಾರೆ. ಕೆಲಸ ಕೇಳುವ ಪ್ರಪೋಸಲ್ ಬರೆಯುವುದು, ಕ್ಲೈಂಟ್ ಜೊತೆ ಮಾತು, ಇನ್‌ವಾಯ್ಸ್, ಹೊಸದನ್ನು ಕಲಿಯುವುದು, ಇವುಗಳಿಗೆ ಯಾರೂ ಹಣ ಕೊಡುವುದಿಲ್ಲ. ವಾರಕ್ಕೆ 20 ತಾಸು ಬಿಲ್ ಆದರೆ ಅದು ಒಳ್ಳೆಯ ವಾರ. ಹಬ್ಬ, ಮದುವೆ, ಜ್ವರ ಕಳೆದು 48 ವಾರ ಎಂದರೆ ವರ್ಷಕ್ಕೆ 960 ತಾಸು. ವೇದಿಕೆಯ ದಲಾಲಿ ಶೇ 10 ಎಂದು ಹಿಡಿದರೆ 6,30,000 ಕೈಸೇರಲು 7,00,000 ರೂಪಾಯಿಯ ಕೆಲಸ ಮಾಡಬೇಕು. ಅದನ್ನು 960ರಿಂದ ಭಾಗಿಸಿದರೆ ತಾಸಿಗೆ ಸುಮಾರು 730 ರೂಪಾಯಿ, ಅಂದರೆ ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಎಂಟೂವರೆ ಡಾಲರಿಗಿಂತ ತುಸು ಹೆಚ್ಚು. ಇದು ನೀವು ಕೇಳಬೇಕಾದ ದರವಲ್ಲ, ಇದಕ್ಕಿಂತ ಕೆಳಗೆ ಇಳಿಯಬಾರದೆಂಬ ಗೆರೆ. “ಮೊದಲ ಕೆಲಸವಲ್ಲವೇ, ಮೂರು ಡಾಲರಿಗೆ ಮಾಡಿಬಿಡೋಣ” ಎನ್ನುವವರು ನಷ್ಟಕ್ಕೆ ಮಾರುತ್ತಿದ್ದೇವೆಂಬುದನ್ನಾದರೂ ತಿಳಿದು ಮಾರಲಿ.

ದಲಾಲಿಯ ವಿಷಯದಲ್ಲಿ ಎಚ್ಚರವಿರಲಿ. ಫೈವರ್ ಎಂಬ ವೇದಿಕೆ ಕೆಲಸ ಮಾರುವವರಿಂದ ಶೇ 20 ಕಡಿದುಕೊಳ್ಳುತ್ತದೆ. ಇನ್ನೊಂದು ವೇದಿಕೆಯಾದ ಅಪ್‌ವರ್ಕ್ 2023ರಿಂದ ಎಲ್ಲರಿಗೂ ಶೇ 10 ಇಟ್ಟಿತ್ತು. 2025ರ ಮೇ ತಿಂಗಳಿನಿಂದ ಹೊಸ ಒಪ್ಪಂದಗಳಿಗೆ ಅದು ಶೇ 0ಯಿಂದ 15ರವರೆಗೆ ಬೇರೆ ಬೇರೆಯಾಗಿರುತ್ತದೆ. ಆದ್ದರಿಂದ ಪ್ರತಿ ಕೆಲಸದ ಪುಟದಲ್ಲಿ ತೋರಿಸುವ ಶೇಕಡಾವನ್ನು ನೋಡಿಯೇ ದರ ಬರೆಯಬೇಕು. ಶೇ 15 ಆದಾಗ ಮೇಲಿನ 730 ಹೋಗಿ 770 ದಾಟುತ್ತದೆ.

ಯಾವ ಕೌಶಲಕ್ಕೆ ಕೇಳುಗರಿದ್ದಾರೆ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಣ್ಣ ಕೆಲಸಗಳ ಪೇಟೆ ಬದಲಾಗಿದೆ. ಐದು ಪುಟದ ವೆಬ್‌ಸೈಟ್, ಸರಳ ಸ್ಕ್ರಿಪ್ಟ್, ಎಕ್ಸೆಲ್ ಸೂತ್ರ ಇವುಗಳನ್ನು ಕ್ಲೈಂಟ್ ಈಗ ತಾನೇ ಮಾಡಿಕೊಳ್ಳಲು ನೋಡುತ್ತಾನೆ. ಆದರೆ ಅದೇ ಕ್ಲೈಂಟ್ ಎಐ ಉಪಕರಣದಿಂದ ಅರ್ಧ ಕಟ್ಟಿದ ಆ್ಯಪನ್ನು ತಂದು, ಲಾಗಿನ್ ಭದ್ರವಾಗಿಲ್ಲ, ನೂರು ಜನ ಒಟ್ಟಿಗೆ ಬಂದರೆ ಕುಸಿಯುತ್ತದೆ, ಸರಿಮಾಡಿಕೊಡಿ ಎನ್ನುತ್ತಾನೆ. ಇನ್ನೊಬ್ಬರ ಕೋಡನ್ನು ಓದಿ ರಿಪೇರಿ ಮಾಡುವ ಈ ಕೆಲಸಕ್ಕೆ ಹೊಸದಾಗಿ ಕಟ್ಟುವುದಕ್ಕಿಂತ ಹೆಚ್ಚಿನ ದರ ಸಿಗುವುದನ್ನು ನಾನು ನೋಡಿದ್ದೇನೆ. ಕಂಪನಿಯ ಕಡತಗಳನ್ನು ಹುಡುಕಿ ಉತ್ತರಿಸುವಂತೆ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳ ಎಪಿಐ (ಎರಡು ತಂತ್ರಾಂಶಗಳನ್ನು ಬೆಸೆಯುವ ಕೊಂಡಿ) ಜೋಡಿಸುವುದು, ಅಮೆಜಾನಿನ ಬಾಡಿಗೆ ಸರ್ವರ್ ಸೇವೆಯಾದ ಎಡಬ್ಲ್ಯೂಎಸ್‌ನ ಬಿಲ್ಲನ್ನು ಇಳಿಸುವುದು, ಪ್ಲೇರೈಟ್ ಎಂಬ ಉಪಕರಣ ಬಳಸಿ ವೆಬ್‌ಸೈಟಿನ ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸುವುದು, ಡೇಟಾ ಪೈಪ್‌ಲೈನ್ (ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ವ್ಯವಸ್ಥೆ), ಶಾಪಿಫೈ ವೇದಿಕೆಯ ಆನ್‌ಲೈನ್ ಅಂಗಡಿಗಳ ನಿರ್ವಹಣೆ ಇವೆಲ್ಲ ಬಾಳಿಕೆಯ ಕೆಲಸಗಳು.

ನನ್ನ ಸುತ್ತಲಿನವರನ್ನು ನೋಡಿ ಹೇಳುವುದಾದರೆ, ಹೊಸಬರು ವಿದೇಶಿ ಕ್ಲೈಂಟ್‌ಗಳಿಂದ ತಾಸಿಗೆ 8ರಿಂದ 12 ಡಾಲರ್, ವೆಬ್ ಆ್ಯಪ್ ಕಟ್ಟಲು ಬಳಸುವ ರಿಯಾಕ್ಟ್ ಮತ್ತು ನೋಡ್‌ನಲ್ಲಿ ನಾಲ್ಕೈದು ವರ್ಷ ಪಳಗಿದವರು 18ರಿಂದ 30, ಕ್ಲೌಡ್ ಅಥವಾ ಡೇಟಾದಲ್ಲಿ ಗಟ್ಟಿಯಾದವರು ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದಾರೆ. ನಮ್ಮ ಭಾಗದಲ್ಲಿ ಕನ್ನಡದ ಜೊತೆ ಉರ್ದು, ತೆಲುಗು, ಮರಾಠಿ ಬಲ್ಲವರು ಬಹಳ. ಅವರಿಗೆ ಧ್ವನಿಮುದ್ರಿಕೆ ಕೇಳಿ ಅದರ ಬರಹವನ್ನು ತಿದ್ದುವ ಕೆಲಸವೂ ಸಿಗುತ್ತದೆ, ಆದರೆ ಅದನ್ನೇ ವೃತ್ತಿಯೆಂದು ನೆಚ್ಚಿಕೊಳ್ಳಬೇಡಿ.

ದೂರದಿಂದ ಮಾಡುವ ನೌಕರಿಯನ್ನು ಮತ್ತು ದೂರದಿಂದ ಮಾಡುವ ಗುತ್ತಿಗೆಯನ್ನು ಬೇರೆ ಬೇರೆಯಾಗಿ ನೋಡಬೇಕು. 2020ರಲ್ಲಿ ಮನೆಗೆ ಕಳಿಸಿದ ದೊಡ್ಡ ಕಂಪನಿಗಳು ಒಂದೊಂದಾಗಿ ಮರಳಿ ಕರೆದವು. ಟಿಸಿಎಸ್ 2023ರ ಅಕ್ಟೋಬರಿನಿಂದ, ಅಮೆಜಾನ್ 2025ರ ಜನವರಿಯಿಂದ ವಾರಕ್ಕೆ ಐದು ದಿನ ಕಚೇರಿಗೆ ಬನ್ನಿ ಎಂದವು. ಹಾಗಾಗಿ ಕಲಬುರಗಿಯಲ್ಲಿ ಕುಳಿತು ದೊಡ್ಡ ಕಂಪನಿಯ ಸಂಬಳ ಪಡೆಯುವ ದಾರಿ ಕಿರಿದಾಗಿದೆ. ಹತ್ತು ಇಪ್ಪತ್ತು ಜನರ ವಿದೇಶಿ ಸಂಸ್ಥೆಗಳಿಗೆ ಮಾತ್ರ ನೀವು ಎಲ್ಲಿದ್ದೀರಿ ಎಂಬ ಚಿಂತೆಯಿಲ್ಲ, ಅವರ ಹಗಲಿನಲ್ಲಿ ಮೂರು ತಾಸಾದರೂ ಸಿಗುತ್ತೀರಾ ಎಂಬುದೇ ಮುಖ್ಯ. ನ್ಯೂಯಾರ್ಕಿನ ಬೆಳಗಿನ 10 ಗಂಟೆ ಅವರ ಬೇಸಿಗೆಯಲ್ಲಿ ನಮ್ಮ ಸಂಜೆ 7:30, ಚಳಿಗಾಲದಲ್ಲಿ 8:30. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ; ನಾನು ಒಮ್ಮೆ ನವೆಂಬರಿನ ಆ ಬದಲಾವಣೆಯ ಮರುದಿನ ಒಂದು ತಾಸು ಮೊದಲೇ ಹೋಗಿ ಖಾಲಿ ಪರದೆಯೆದುರು ಕುಳಿತಿದ್ದೆ. ಲಂಡನ್ನಿನ ಕ್ಲೈಂಟ್ ಸಿಕ್ಕರೆ ಸಂಸಾರಸ್ಥರಿಗೆ ಹಿತ, ಏಕೆಂದರೆ ಅವರ ಬೆಳಗಿನ 9 ಗಂಟೆ ನಮಗೆ ಮಧ್ಯಾಹ್ನ 1:30 ಅಥವಾ 2:30.

ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ, ಮಾತಿನ ನಡುವೆ ಕರೆಂಟ್ ಹೋಗುತ್ತದೆ. ಇನ್ವರ್ಟರ್ ಇದ್ದರೂ ಅದು ಬದಲಾಗುವ ಕ್ಷಣದಲ್ಲಿ ಕೆಲವು ರೂಟರ್‌ಗಳು ಬಂದ್ ಆಗಿ ಮತ್ತೆ ಚಾಲೂ ಆಗಲು ಎರಡು ನಿಮಿಷ ತೆಗೆದುಕೊಳ್ಳುತ್ತವೆ. ರೂಟರಿಗೆಂದೇ ಬರುವ ಸಣ್ಣ ಯುಪಿಎಸ್ ಒಂದನ್ನು ಕೊಂಡರೆ ಈ ತೊಂದರೆ ತಪ್ಪುತ್ತದೆ.

ಪ್ರಪೋಸಲ್ ಬರೆಯುವ ಬಗೆ

ಒಬ್ಬ ಅಂಗಡಿಯವನು ತನ್ನ ಸೈಟಿನಲ್ಲಿ ಫೋನಿನಿಂದ ಹಣ ಕಟ್ಟುವ ಪುಟ ತೆರೆಯಲು ತಡವಾಗುತ್ತಿದೆ ಎಂದು ಕೆಲಸ ಹಾಕಿದ್ದ. ನನ್ನ ಜೊತೆ ಕಲಿಯುತ್ತಿದ್ದ ಹುಡುಗನ ಮೊದಲ ಕರಡು “ಮಾನ್ಯರೇ, ನನಗೆ ಮೂರು ವರ್ಷಗಳ ಅನುಭವವಿದೆ” ಎಂದು ಆರಂಭವಾಗಿತ್ತು. ಅದನ್ನು ಅಳಿಸಿ, ಆ ಸೈಟನ್ನು ಅವನ ಫೋನಿನಲ್ಲಿಯೇ ತೆರೆಸಿದೆ. ಪುಟದ ತಲೆಯಲ್ಲಿದ್ದ ಒಂದೇ ಚಿತ್ರ 4 ಎಂಬಿ ಇತ್ತು, ಅದರ ಜೊತೆಗೆ ಬಳಕೆಯಲ್ಲಿಲ್ಲದ ಎರಡು ಪ್ಲಗಿನ್‌ಗಳು ಲೋಡ್ ಆಗುತ್ತಿದ್ದವು. ಅವನು ಬರೆದದ್ದು ನಾಲ್ಕೇ ವಾಕ್ಯ: ಏನು ಕಂಡಿತು, ಮೊದಲು ಏನು ತೆಗೆಯುತ್ತೇನೆ, ಎಷ್ಟು ತಾಸು ಹಿಡಿಯುತ್ತದೆ, ಎಷ್ಟು ಹಣ. ಜೊತೆಗೆ ಪರದೆ ತೋರಿಸುವ ಎರಡು ನಿಮಿಷದ ವಿಡಿಯೊ ಇಟ್ಟ. ಆ ಕೆಲಸ ಅವನಿಗೇ ಸಿಕ್ಕಿತು. ಅಪ್‌ವರ್ಕ್‌ನಲ್ಲಿ ಅರ್ಜಿಗೆ ಬೇಕಾದ ‘ಕನೆಕ್ಟ್ಸ್’ ಎಂಬ ಟೋಕನ್‌ಗಳಿಗೆ ಹಣ ಕೊಡಬೇಕಾಗಿರುವುದರಿಂದ ದಿನಕ್ಕೆ ಇಪ್ಪತ್ತು ಕಡೆ ಒಂದೇ ಮಾತನ್ನು ಕಳಿಸುವುದಕ್ಕಿಂತ ವಾರಕ್ಕೆ ಐದನ್ನು ಹೀಗೆ ಬರೆಯುವುದು ಲಾಭ. ಕೆಲಸ ಕೊಡಲು ನಿಮ್ಮಿಂದಲೇ ಠೇವಣಿ ಕೇಳುವವರು ಯಾವ ವೇದಿಕೆಯಲ್ಲಿದ್ದರೂ ಮೋಸಗಾರರೇ.

ಹಣ ಕೈಸೇರುವವರೆಗೆ

ವಿದೇಶದಿಂದ ಬಂದ ಪ್ರತಿ ಮೊತ್ತಕ್ಕೂ ಬ್ಯಾಂಕಿನಿಂದ ಅಥವಾ ಹಣ ತಂದ ಸಂಸ್ಥೆಯಿಂದ ಒಳಬಂದ ಹಣದ ಪತ್ರವನ್ನು ಪಡೆದಿಟ್ಟುಕೊಳ್ಳಿ. ಹಣ ಯಾವುದಕ್ಕೆ ಬಂತೆಂದು ತಿಳಿಸುವ ಉದ್ದೇಶದ ಕೋಡ್ ಕೇಳಿದಾಗ ಸಾಫ್ಟ್‌ವೇರ್ ಸಲಹೆಗೆ ಪಿ0802 ಇದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ, ದಾಟಿದ ಮೇಲೆ ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ರಫ್ತಿಗೆ ತೆರಿಗೆ ಕಟ್ಟದೆ ಇನ್‌ವಾಯ್ಸ್ ಮಾಡಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಪ್ರಕಾರ ವೃತ್ತಿಪರರು ಒಟ್ಟು ಸ್ವೀಕೃತಿಯ ಅರ್ಧವನ್ನೇ ಆದಾಯವೆಂದು ತೋರಿಸಬಹುದು. ನಗದಾಗಿ ಬಂದದ್ದು ಶೇ 5ನ್ನು ಮೀರದಿದ್ದರೆ ಇದರ ಮಿತಿ 75 ಲಕ್ಷ. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿರುವುದರಿಂದ ಸಿಎ ಅವರನ್ನು ಒಮ್ಮೆ ಕೇಳಿಕೊಳ್ಳಿ. ಮೇಲಿನ 7,00,000ಕ್ಕೆ ಅರ್ಧ 3,50,000 ಆಗುತ್ತದೆ. ಬೇರೆ ಆದಾಯವಿಲ್ಲದವರಿಗೆ 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ತೆರಿಗೆಯಿಲ್ಲ. ಭಾರತದ ಕಂಪನಿಗಳು ಹಣ ಕೊಡುವಾಗಲೇ ಟಿಡಿಎಸ್ ಎಂದು ತೆರಿಗೆ ಕಡಿದಿದ್ದರೆ ರಿಟರ್ನ್ ಸಲ್ಲಿಸಿಯೇ ಅದನ್ನು ಮರಳಿ ಪಡೆಯಬೇಕು.

ನನಗೆ ಹೆಚ್ಚು ಕಾಡಿದ್ದು ವಿದೇಶಿಯರಲ್ಲ, ನಮ್ಮವರೇ. ಹತ್ತಿರದ ಮಹಾನಗರದ ಸಂಸ್ಥೆಯೊಂದು ಮುಗಿದ ಕೆಲಸಕ್ಕೆ “ಮುಂದಿನ ವಾರ” ಎನ್ನುತ್ತಲೇ ನಾಲ್ಕು ತಿಂಗಳು ತಳ್ಳಿತು. ಆಗ ನನ್ನ ಬಳಿ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರಲಿಲ್ಲ. ಅದು ಉಚಿತ, ಕೆಲಸ ಆರಂಭಿಸುವ ಮುನ್ನವೇ ಮಾಡಿಸಿಕೊಂಡು ಅದರ ಸಂಖ್ಯೆಯನ್ನು ಇನ್‌ವಾಯ್ಸ್‌ನಲ್ಲಿ ಬರೆಯಬೇಕು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಒಪ್ಪಂದದಲ್ಲಿ ಹೆಚ್ಚು ದಿನ ಬರೆದಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಬೀಳುತ್ತದೆ, ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆ ಸಂಖ್ಯೆ ಇನ್‌ವಾಯ್ಸ್‌ನ ಮೇಲಿದ್ದ ನಂತರ ನನಗೆ ದೂರು ಕೊಡುವ ಪ್ರಸಂಗವೇ ಬಂದಿಲ್ಲ.

ದರ ಏರಿಸುವುದನ್ನು ಹೊಸ ಕ್ಲೈಂಟ್‌ನಿಂದ ಆರಂಭಿಸಿ. ವಾರಕ್ಕೆ 20 ತಾಸು ತುಂಬಿ, ಮೂರು ವಾರ ಯಾವ ಕ್ಲೈಂಟೂ ದರದ ಬಗ್ಗೆ ಚೌಕಾಸಿ ಮಾಡಲಿಲ್ಲವೆಂದರೆ ಮುಂದಿನ ಪ್ರಪೋಸಲ್‌ನಲ್ಲಿ ಎರಡು ಡಾಲರ್ ಹೆಚ್ಚಿಗೆ ಬರೆಯಿರಿ. ಹಳೆಯ ಕ್ಲೈಂಟ್‌ಗೆ ಒಂದು ತಿಂಗಳು ಮೊದಲು, “ಜುಲೈ 1ರಿಂದ ನನ್ನ ದರ ತಾಸಿಗೆ 14 ಡಾಲರ್ ಆಗಲಿದೆ; ಈಗ ಒಪ್ಪಿರುವ ಕೆಲಸ ಹಳೆಯ ದರಕ್ಕೇ ಮುಗಿಯುತ್ತದೆ” ಎಂಬಷ್ಟನ್ನೇ ಬರೆದು ಕಳಿಸಿ. ಕಾರಣಗಳನ್ನು ಬರೆಯಲು ಹೋಗಬೇಡಿ, ಅವರು ಕೇಳಿದರೆ ಹೇಳಿದರಾಯಿತು.