ಒಟ್ಟು ಲೆಕ್ಕದಲ್ಲಿ ಸ್ಟಾಕ್ ಇತ್ತು, ಲೈನ್ ಮಾತ್ರ ನಿಂತಿತು

ಪ್ರೊಡಕ್ಷನ್ ಪ್ಲಾನಿಂಗ್ ಕೆಲಸಕ್ಕೆ ನಾನು ಸೇರಿದ ಹೊಸತು. ಪಂಪ್ ಕಂಟ್ರೋಲರ್ ಜೋಡಿಸುವ ಲೈನ್ ನನ್ನ ಪಾಲಿಗೆ ಬಂದಿತ್ತು. ಆ ತಿಂಗಳು ಎರಡು ಆರ್ಡರ್. ಮೊದಲನೆಯದು 120 ಕಂಟ್ರೋಲರ್, 5ನೇ ತಾರೀಖು ಶುರು. ಎರಡನೆಯದು 80, 12ಕ್ಕೆ ಶುರು. ಒಂದೊಂದಕ್ಕೂ ಎರಡೆರಡು ಕನೆಕ್ಟರ್, ಒಟ್ಟು 400. ಸ್ಟೋರ್ಸ್‌ನಲ್ಲಿ 260 ಇತ್ತು, ಇನ್ನು 300ಕ್ಕೆ ಪಿಒ (ಪರ್ಚೇಸ್ ಆರ್ಡರ್, ಅಂದರೆ ಖರೀದಿ ಆರ್ಡರ್) ಹೋಗಿತ್ತು. 560 ಆಯ್ತಲ್ಲ, ಧಾರಾಳ ಸಾಕು ಅಂತ ನಾನು ಮುಂದಿನ ಐಟಂ ನೋಡಲು ಹೋದೆ.

ಆ 300 ಬರಬೇಕಿದ್ದದ್ದು 18ಕ್ಕೆ. ಮೊದಲ ಆರ್ಡರ್‌ಗೆ 240 ಖರ್ಚಾಗಿ 20 ಉಳಿಯಿತು. 12ರ ಬೆಳಿಗ್ಗೆ ಬೇಕಿದ್ದದ್ದು 160. ಬೋರ್ಡು, ಕೇಸು, ವೈರು, ಸ್ಕ್ರೂ ಎಲ್ಲ ಟ್ರಾಲಿ ಮೇಲೆ ರೆಡಿ. ಕನೆಕ್ಟರ್ ಇಟ್ಟಿದ್ದ ಡಬ್ಬಿಯಲ್ಲಿ ಮಾತ್ರ ತಳ ಕಾಣುತ್ತಿತ್ತು. ಲೈನ್‌ನವರು ಕೈಕಟ್ಟಿ ನಿಂತಿದ್ದರು.

ಇದ್ದ 20ರಲ್ಲಿ 10 ಕಂಟ್ರೋಲರ್ ಮಾಡಿಸಿದೆವು. ನಾನು ಪರ್ಚೇಸ್‌ಗೆ ಓಡಿಹೋಗಿ, 300 ಪೀಸೂ ಅರ್ಜೆಂಟ್ ತರಿಸಿ ಅಂದೆ. ಸಪ್ಲೈಯರ್ ಆಗಲ್ಲ ಅಂದರು. ಆಗ ಪರ್ಚೇಸ್ ಮೇಡಂ ಹೇಳಿದ ಮಾತು ಇವತ್ತಿಗೂ ನನಗೆ ದಾರಿ ತೋರಿಸುತ್ತದೆ: "ನಿಮಗೆ ನಿಜವಾಗ್ಲೂ ಎಷ್ಟು ಬೇಕು, ಯಾವತ್ತು ಬೇಕು, ಅಷ್ಟು ಹೇಳಿ. ಎಲ್ಲಾನೂ ಅರ್ಜೆಂಟ್ ಅಂದ್ರೆ ಅವರು ಕಿವಿಗೇ ಹಾಕ್ಕೊಳ್ಳಲ್ಲ." ಲೆಕ್ಕ ಹಾಕಿದೆವು. ಬೇಕಿದ್ದದ್ದು 140. ಉಳಿದ 160 ತಾರೀಖಿನ ಪ್ರಕಾರವೇ ಬಂದರೆ ಸಾಕು. ಹಾಗೆ ಕೇಳಿದಾಗ 14ಕ್ಕೆ 140 ಪೀಸ್ ಬಂತು.

ನಮ್ಮ ಕಂಪ್ಯೂಟರ್ ಸಿಸ್ಟಂ ಇದನ್ನು ಮೊದಲೇ ಹೇಳಿರಲಿಲ್ಲವಾ? ಹೇಳಿತ್ತು. ಅದರಲ್ಲಿರುವ ಎಂಆರ್‌ಪಿ, ಅಂದರೆ ಯಾವ ಸಾಮಾನು ಎಷ್ಟು ಬೇಕು ಅಂತ ಲೆಕ್ಕ ಹಾಕುವ ಪ್ಲಾನಿಂಗ್, ಮಾಡುವುದೇ ತಾರೀಖಿನ ಲೆಕ್ಕ. ಈ ಪಿಒ ಮುಂಚೆ ತರಿಸಿ ಅಂತ ಮೆಸೇಜ್ ಕೂಡ ಬಂದಿತ್ತು. ಆದರೆ ಅಂಥ ನೂರಾರು ಮೆಸೇಜ್‌ಗಳ ನಡುವೆ ಅದು ಮುಚ್ಚಿಹೋಗಿತ್ತು. ಅಷ್ಟೊಂದು ಮೆಸೇಜ್ ಯಾಕೆ ಬರುತ್ತವೆ ಅಂತ ಹುಡುಕಲು ಕೂತೆ. ನನ್ನ ಕೆಲಸ ನಿಜವಾಗಿ ಶುರುವಾಗಿದ್ದು ಅಲ್ಲಿಂದ.

ಮೊದಲು ಸಿಕ್ಕಿದ್ದು ಹಳೇ ತಾರೀಖಿನ ಪಿಒಗಳು. ಹೋದ ತಿಂಗಳು ಬರಬೇಕಿದ್ದ ಮಾಲು ಬಂದಿಲ್ಲ, ಹೊಸ ತಾರೀಖನ್ನು ಯಾರೂ ಹಾಕಿಲ್ಲ. ನಮ್ಮ ಸಿಸ್ಟಂ ಅಂಥದ್ದನ್ನು ಇವತ್ತೋ ನಾಳೆಯೋ ಬರುತ್ತದೆ ಅಂತಲೇ ಎಣಿಸುತ್ತಿತ್ತು. ಹಾಗಾಗಿ ನಿಜವಾದ ಕೊರತೆ ಕಾಣುತ್ತಲೇ ಇರಲಿಲ್ಲ. ಈಗ ವಾರಕ್ಕೊಮ್ಮೆ ತಾರೀಖು ಮೀರಿದ ಪಿಒಗಳ ಪಟ್ಟಿ ತೆಗೆದು ಒಂದೊಂದಕ್ಕೂ ಹೊಸ ತಾರೀಖು ಕೇಳುತ್ತೇವೆ. ಬೇಜಾರಿನ ಕೆಲಸ, ಆದರೆ ಇದರಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ.

ಆಮೇಲೆ ರ್‍ಯಾಕ್ ತನಕ ನಡೆದು ಹೋಗುವ ಅಭ್ಯಾಸ ಮಾಡಿಕೊಂಡೆ. ಒಮ್ಮೆ ಓ-ರಿಂಗ್ ಶಾರ್ಟ್ ಅಂತ ಪಟ್ಟಿಯಲ್ಲಿ ಬಂತು. ಹೋಗಿ ನೋಡಿದರೆ ಎರಡು ಚೀಲ ಕ್ಯೂಸಿ ಹೋಲ್ಡ್ ಕಪಾಟಿನಲ್ಲಿತ್ತು, ಅಂದರೆ ಕ್ವಾಲಿಟಿಯವರು ಚೆಕ್ ಮಾಡಿ ಬಿಡುವ ತನಕ ಮಾಲು ಇಡುವ ಜಾಗದಲ್ಲಿ. ಚೆಕ್ ಮಾಡಿ ಆಗಿದೆ, ರಿಲೀಸ್ ಎಂಟ್ರಿ ಮಾತ್ರ ಬಾಕಿ. ಐದು ನಿಮಿಷದ ಕೆಲಸ. ಇನ್ನೊಮ್ಮೆ ಇದರ ಉಲ್ಟಾ. ವೈರ್ ಸಾಕಷ್ಟಿದೆ ಅನ್ನುತ್ತಿತ್ತು ಸಿಸ್ಟಂ, ಲೈನ್‌ನಲ್ಲಿ ಪ್ರತಿ ಸಲವೂ ಕಡಿಮೆ ಬೀಳುತ್ತಿತ್ತು. ಸ್ಟೋರ್ಸ್ ಹುಡುಗ ರೋಲ್ ತಿರುಗಿಸಿ ಲೇಬಲ್ ತೋರಿಸಿದ: "ಸರ್, ಇದು 90 ಮೀಟರ್." ಸಿಸ್ಟಂನಲ್ಲಿ ಒಂದು ರೋಲ್ ಅಂದರೆ 100 ಮೀಟರ್ ಅಂತಿತ್ತು. ಸಪ್ಲೈಯರ್ ಯಾವಾಗಲೋ ರೋಲ್ ಸೈಜ್ ಬದಲಿಸಿದ್ದರು. ಹತ್ತು ರೋಲ್ ತಂದರೆ ಒಂದು ರೋಲಿನಷ್ಟು ವೈರ್ ಕಾಗದದ ಮೇಲೆ ಮಾತ್ರ ಇರುತ್ತಿತ್ತು. ಕಂಪ್ಯೂಟರ್ ಮುಂದೆ ಎಷ್ಟು ಹೊತ್ತು ಕೂತರೂ ಇದು ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಉಳಿಯುವುದು ನಿಜವಾದ ಶಾರ್ಟೇಜ್. ಅಲ್ಲೂ ನಾನು ನೋಡುವ ರೀತಿ ಬದಲಾಯಿತು. ಮೊದಲೆಲ್ಲ ಐಟಂ ಪ್ರಕಾರ ನೋಡುತ್ತಿದ್ದೆ, ಈಗ ಆರ್ಡರ್ ಪ್ರಕಾರ ನೋಡುತ್ತೇನೆ. ಈ ಆರ್ಡರ್‌ಗೆ ಬೇಕಾದ ಎಲ್ಲ ಸಾಮಾನು ಸೇರುವುದು ಯಾವತ್ತು? ಎಲ್ಲಕ್ಕಿಂತ ಕೊನೆಗೆ ಬರುವ ಐಟಂ ಯಾವುದು? ಆ ಒಂದು ಐಟಂ ಬರುವವರೆಗೆ ಬೇರೆ ಯಾವುದನ್ನು ಬೇಗ ತರಿಸಿದರೂ ಉಪಯೋಗವಿಲ್ಲ. ಬೋರ್ಡು ಬರುವುದೇ 25ಕ್ಕೆ ಅಂತಾದರೆ ಅದೇ ಆರ್ಡರ್‌ನ ಸೀಲ್‌ಗೆ ಯಾಕೆ ಗಲಾಟೆ ಮಾಡಬೇಕು, ಅಲ್ವಾ? ಒಂದು ದಿನ ನಮ್ಮ ಪಟ್ಟಿಯಲ್ಲಿ 46 ಐಟಂ ಇದ್ದವು. ಹೀಗೆ ಆರ್ಡರ್ ಪ್ರಕಾರ ವಿಂಗಡಿಸಿದಾಗ ಮುಂದಿನ ಎರಡು ವಾರವನ್ನು ತಡೆಹಿಡಿದದ್ದು 7 ಮಾತ್ರ ಅಂತ ಗೊತ್ತಾಯಿತು. ಪರ್ಚೇಸ್‌ಗೆ ಆ ಏಳನ್ನೇ ಕೊಟ್ಟೆ. ಒಂದೊಂದರ ಮುಂದೂ ಎಷ್ಟು ಪೀಸ್, ಯಾವತ್ತಿಗೆ ಅಂತ ಬರೆದಿದ್ದೆ.

ಇನ್ನೊಂದು ವಿಷಯದಲ್ಲಿ ನಾನು ತುಂಬ ಗಟ್ಟಿ. ಪೂರ್ತಿ ಸಾಮಾನು ಸೇರದ ಆರ್ಡರ್‌ಗೆ ಸ್ಟೋರ್ಸ್‌ನಿಂದ ಅರ್ಧಂಬರ್ಧ ಇಶ್ಯೂ ಮಾಡಿಸುವುದಿಲ್ಲ. ಅದು ಲೈನ್ ಪಕ್ಕ ಸುಮ್ನೆ ಕೂರುತ್ತದೆ. ಅದರೊಳಗೆ ಸಿಕ್ಕಿಕೊಂಡ ಒಂದು ಸ್ವಿಚ್ಚಿಗಾಗಿ ಇನ್ನೊಂದು ಆರ್ಡರ್ ನಿಲ್ಲುತ್ತದೆ. ಆಗ ಯಾರೋ ಆ ಟ್ರಾಲಿಯಿಂದ ಸ್ವಿಚ್ ತೆಗೆಯುತ್ತಾರೆ, ಎಲ್ಲೂ ಬರೆಯುವುದಿಲ್ಲ. ನಾಳೆ ಅಲ್ಲೊಂದು ಹೊಸ ಶಾರ್ಟೇಜ್. ಒಂದು ಆರ್ಡರ್‌ನಿಂದ ಇನ್ನೊಂದಕ್ಕೆ ಸಾಮಾನು ಕೊಡಲೇಬಾರದು ಅಂತಲ್ಲ. ಎಷ್ಟೋ ಸಲ ಅದೇ ಸರಿಯಾದ ದಾರಿ. ಆದರೆ ಯಾವ ಗ್ರಾಹಕರ ಡೆಲಿವರಿ ಹಿಂದೆ ಹೋಗುತ್ತದೆ ಅಂತ ಸೇಲ್ಸ್‌ನವರ ಜೊತೆ ಮಾತಾಡಿ, ಸಿಸ್ಟಂನಲ್ಲೂ ಬದಲಿಸಿ ಆಮೇಲೆ ಕೊಡಬೇಕು.

ಬದಲಿ ಪಾರ್ಟ್ ಹಾಕುವುದೂ ಒಂದು ದಾರಿ. ಡಿಸೈನ್‌ನವರು ಬರವಣಿಗೆಯಲ್ಲಿ ಒಪ್ಪದೆ ನಾನು ಅದಕ್ಕೆ ಕೈ ಹಾಕುವುದಿಲ್ಲ. 2021ರಲ್ಲಿ ಚಿಪ್‌ಗಳ ಕೊರತೆ ಜಗತ್ತಿನ ಎಲ್ಲ ಕಡೆ ಬಂತಲ್ಲ, ಆಗ ನಾವು ವಾರಗಳಲ್ಲಿ ತರಿಸುತ್ತಿದ್ದ ಒಂದು ಮೈಕ್ರೋಕಂಟ್ರೋಲರ್‌ಗೆ ವರ್ಷ ಕಾಯಬೇಕು ಅಂದರು. ಎಷ್ಟು ಫೋನ್ ಮಾಡಿದರೂ ಅಷ್ಟೇ. ಕೊನೆಗೆ ಬೇರೆ ಚಿಪ್ ಕೂರುವಂತೆ ಬೋರ್ಡನ್ನೇ ಬದಲಿಸಿದರು. ಪ್ರೋಗ್ರಾಂ ಹೊಸದಾಗಿ ಬರೆದು, ಟೆಸ್ಟ್ ಮುಗಿಯಲು ತಿಂಗಳುಗಳೇ ಹಿಡಿದವು. ಒಬ್ಬರೇ ತಯಾರಿಸುವ ಪಾರ್ಟ್‌ಗಳ ಪಟ್ಟಿಯನ್ನು ನಾನು ಬೇರೆಯಾಗಿ ಇಟ್ಟುಕೊಂಡದ್ದು ಅಲ್ಲಿಂದ ಈಚೆಗೆ. ಅವುಗಳ ಲೀಡ್ ಟೈಮ್ (ಆರ್ಡರ್ ಕೊಟ್ಟ ಮೇಲೆ ಮಾಲು ಬರಲು ಹಿಡಿಯುವ ಸಮಯ) ತಿಂಗಳಿಗೊಮ್ಮೆ ಕೇಳುತ್ತೇನೆ, ಶಾರ್ಟ್ ಇರಲಿ ಇಲ್ಲದಿರಲಿ.

ಆ 140 ಕನೆಕ್ಟರ್ ಕಥೆ ಪೂರ್ತಿ ಹೇಳಲಿಲ್ಲ. 14ಕ್ಕೆ ಬಂದವು, ಲೈನ್ ಮತ್ತೆ ಶುರುವಾಯಿತು. ವೈರ್ ಕ್ರಿಂಪ್ ಮಾಡುವಾಗ, ಅಂದರೆ ವೈರಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ, ಎರಡು ಹಾಳಾದವು. ಅದು ಯಾವಾಗಲೂ ಆಗುವಂಥದ್ದೇ, ಕ್ರಿಂಪ್ ಮಾಡುವ ಹೆಣ್ಣುಮಗಳನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು. ನಾನು ಸರಿಯಾಗಿ 140 ಮಾತ್ರ ಕೇಳಿದ್ದೆ. 79 ಕಂಟ್ರೋಲರ್ ಆದವು. 80ನೆಯದು ಕನೆಕ್ಟರ್ ಇಲ್ಲದೆ 18ರವರೆಗೆ ಬೆಂಚಿನ ಮೇಲೆ ಕಾದಿತ್ತು. ಈಗ ನಮ್ಮ ಬಿಒಎಂನಲ್ಲಿ (ಒಂದು ಕಂಟ್ರೋಲರ್‌ಗೆ ಏನೇನು ಎಷ್ಟೆಷ್ಟು ಬೇಕು ಅನ್ನುವ ಪಟ್ಟಿ) ಆ ಕನೆಕ್ಟರ್‌ಗೆ ಹಾಳಾಗುವ ಲೆಕ್ಕಕ್ಕೆ 2 ಪರ್ಸೆಂಟ್ ಸ್ಕ್ರ್ಯಾಪ್ ಸೇರಿಸಿದ್ದೇವೆ. 80ರ ಆರ್ಡರ್ ಹಾಕಿದರೆ ಸಿಸ್ಟಂ 164 ಕೇಳುತ್ತದೆ.