ಕುಮಾರ ಪರ್ವತದ ಇಳಿಜಾರಿನಲ್ಲಿ ಕತ್ತಲಾದರೆ: ಒಂದು ದಿನದ ಚಾರಣಕ್ಕೆ ಹೊರಡುವವರಿಗೆ

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬೇಕೆಂದು ಹೊರಡುವವರು ಎಲ್ಲಕ್ಕಿಂತ ಮೊದಲು ಹೊತ್ತಿನ ಲೆಕ್ಕ ಹಾಕಬೇಕು. ಶಿಖರದ ಎತ್ತರ 1712 ಮೀಟರ್, ಒಂದು ಬದಿಯ ದಾರಿ ಸುಮಾರು 13 ಕಿಲೋಮೀಟರ್. ಇದು ಪುಷ್ಪಗಿರಿ ವನ್ಯಜೀವಿಧಾಮದ ನೆಲವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆದಿರಬೇಕು. ಶಿಖರದ ಮೇಲೆ ಡೇರೆ ಹಾಕಿ ಉಳಿಯುವುದಕ್ಕೆ ಅವಕಾಶವಿಲ್ಲ. ಹತ್ತಿದವರು ಬೆಳಕಿರುವಾಗಲೇ ಇಳಿದು ಬರಬೇಕು, ಬೇರೆ ದಾರಿಯಿಲ್ಲ.

ಈ ಬೆಟ್ಟದ ರಚನೆಯೇ ಹೊಸಬರನ್ನು ಮೋಸಗೊಳಿಸುವಂಥದ್ದು. ದಾರಿಯ ನಡುವೆ ಸಿಗುವ ಗಿರಿಗದ್ದೆಯಿಂದ ಮೇಲೆ ಕಲ್ಲಿನ ಮಂಟಪ, ಶಿಖರಕ್ಕಿಂತ ಮೊದಲು ಬರುವ ಶೇಷ ಪರ್ವತದವರೆಗೆ ಬಹುಪಾಲು ಬಯಲು ಹುಲ್ಲುಗಾವಲು; ಗಿರಿಗದ್ದೆಯಿಂದ ಕೆಳಗೆ, ಬೆಟ್ಟದ ಬುಡದವರೆಗೂ ದಟ್ಟ ಕಾಡು. ಪಶ್ಚಿಮಕ್ಕೆ ಮುಖ ಮಾಡಿ ಹುಲ್ಲಿನ ಮೇಲೆ ಇಳಿಯುತ್ತಿರುವವನಿಗೆ ಸಂಜೆ ಐದೂವರೆಗೂ ಕಣ್ಣ ಮುಂದೆ ಸೂರ್ಯ ಕಾಣುತ್ತಿರುತ್ತಾನೆ, ಇನ್ನೂ ಸಾಕಷ್ಟು ಹೊತ್ತಿದೆ ಎನ್ನಿಸುತ್ತದೆ. ಅದೇ ಗಳಿಗೆಯಲ್ಲಿ ಕೆಳಗಿನ ಮರಗಳ ಅಡಿಯಲ್ಲಿ ಬೇರು ಯಾವುದು, ಕಲ್ಲು ಯಾವುದು ಎಂಬುದು ತಿಳಿಯದಷ್ಟು ಮಬ್ಬು ಕವಿದಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ, ಆಮೇಲೆ ಉಳಿಯುವ ಸಂಜೆಬೆಳಕು ಅರ್ಧ ಗಂಟೆಯೂ ಇರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಹೊರಡುವಾಗಲೇ ಗುಂಪಿನವರೆಲ್ಲ ಕೂಡಿ ಒಂದು ಗಡುವನ್ನು ಮಾತಾಡಿಕೊಳ್ಳಿರಿ. ನನ್ನ ಅಭಿಪ್ರಾಯದಲ್ಲಿ ಮಧ್ಯಾಹ್ನ 12 ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂತಿರುಗಬೇಕು, ಶಿಖರ ಕೂಗಳತೆಯಲ್ಲಿದ್ದರೂ ಸರಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಡಿಸೆಂಬರಿನಲ್ಲಿ ನಾವು ಐದು ಜನ ಶೇಷ ಪರ್ವತದಿಂದ ಹಿಂತಿರುಗುವಾಗ ಮೂರು ಗಂಟೆ ದಾಟಿತ್ತು, ಒಬ್ಬನ ಮೊಣಕಾಲು ಇಳಿಜಾರಿನಲ್ಲಿ ಸೋತಿತ್ತು. ಬೇಗ ನಡೆಯುವ ಇಬ್ಬರು ಮುಂದೆ ಹೋಗಿ ಊಟ ಹೇಳಿಟ್ಟಿರುತ್ತೇವೆಂದು ಹೊರಟರು, ನಾವೂ ಒಪ್ಪಿದೆವು. ಗಿರಿಗದ್ದೆ ದಾಟಿ ಕಾಡಿನೊಳಗೆ ಬಂದಾಗ ತಿಳಿದದ್ದೇನೆಂದರೆ, ಇದ್ದ ಒಂದೇ ಟಾರ್ಚು ಅವರ ಚೀಲದಲ್ಲಿತ್ತು. ಮೊಬೈಲಿನ ಬೆಳಕು ಬೀಳುವಷ್ಟು ಜಾಗದಲ್ಲಿ ಒಣಗಿದ ತರಗೆಲೆಗಳು ಮಾತ್ರ. ಪ್ರತಿಯೊಂದು ಎಲೆಗೂ ಒಂದು ನೆರಳು, ಆ ನೆರಳುಗಳ ನಡುವೆ ಕಾಲುದಾರಿಯೂ ಒಂದೇ, ಅದರ ಪಕ್ಕದ ಜಾರುನೆಲವೂ ಒಂದೇ. ಎರಡು ಸಲ ದಾರಿ ತಪ್ಪಿ, ಮೂರನೆಯ ಸಲ ನಾನು ಬೇರಿಗೆ ಎಡವಿ ಹತ್ತಾರು ಅಡಿ ಜಾರಿದ ಮೇಲೆ, ಒಂದು ಬಂಡೆಯ ಮೇಲೆ ಕುಳಿತು ಬೆಳಗು ಮಾಡಿದೆವು. ಗುಂಪು ಒಡೆಯಬಾರದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ನಡೆಯಬೇಕು.

ಚೀಲದಲ್ಲಿ ತಲೆಗೆ ಕಟ್ಟುವ ಟಾರ್ಚು ತಲೆಗೊಂದರಂತೆ, ಒಂದು ಸೀಟಿ, ಒಣ ಅಂಗಿ, ದೊಡ್ಡ ಪ್ಲಾಸ್ಟಿಕ್ ಹಾಳೆ, ಒಂದು ಹಿಡಿ ಕಡಲೆಬೀಜ ಮತ್ತು ಬೆಲ್ಲ ಇರಲಿ. ಇವೆಲ್ಲ ಸೇರಿ ಒಂದು ಕಿಲೋ ತೂಗಲಾರವು.

ಇಷ್ಟಾದರೂ ಕತ್ತಲಾಯಿತು, ದಾರಿ ಕಾಣುತ್ತಿಲ್ಲ ಎಂದಾದರೆ ನಿಂತುಬಿಡಿ. ನಡೆದು ಹುಡುಕುವುದರಿಂದ ದಾರಿ ಸಿಗುವುದಕ್ಕಿಂತ ಕಾಲು ಮುರಿಯುವ ಸಂಭವವೇ ಹೆಚ್ಚು. ತೊರೆಯನ್ನು ಹಿಡಿದು ಇಳಿದರೆ ಊರು ಸಿಗುತ್ತದೆಂಬ ಮಾತನ್ನು ಘಟ್ಟದಲ್ಲಿ ಖಂಡಿತ ನಂಬಬೇಡಿ, ಏಕೆಂದರೆ ಇಲ್ಲಿನ ತೊರೆಗಳು ಪಾಚಿಗಟ್ಟಿದ ಬಂಡೆಗಳ ಮೇಲೆ ಹರಿದು ಒಮ್ಮೆಲೇ ಪ್ರಪಾತಕ್ಕೆ ಧುಮುಕುತ್ತವೆ. ಮೇಲಾಗಿ ನೀರಿನ ಹತ್ತಿರ ಚಳಿ ಹೆಚ್ಚು, ಉಂಬಳಗಳ ಕಾಟ ಹೆಚ್ಚು, ಆನೆಗಳೂ ಅಲ್ಲಿಗೇ ಬರುತ್ತವೆ. ತಾಜಾ ಲದ್ದಿಯೋ ಮುರಿದ ಬಿದಿರೋ ಕಂಡ ಜಾಗವನ್ನು ಬಿಟ್ಟು, ಕಾಲುದಾರಿಗೆ ಹತ್ತಿರದಲ್ಲೇ ಬೆನ್ನಿಗೆ ಆಸರೆಯಾಗುವಂಥ ಬಂಡೆಯನ್ನೋ ದೊಡ್ಡ ಮರದ ಬುಡವನ್ನೋ ಆರಿಸಿಕೊಳ್ಳಿ. ಕೂರುವ ಮುನ್ನ ಕೋಲಿನಿಂದ ತರಗೆಲೆಗಳನ್ನು ಸರಿಸಿ ನೋಡಿ. ಹತ್ತಿರದ ಪೊದೆಗಳ ತಗ್ಗಿನ ಕೊಂಬೆಗಳನ್ನೂ ನೋಡಿ, ಗುಳಿಮಂಡಲ ಹಾವುಗಳು ರಾತ್ರಿಯ ಹೊತ್ತು ಅಲ್ಲಿ ಸುರುಳಿ ಸುತ್ತಿಕೊಂಡಿರುತ್ತವೆ. ಬೆವರಿನಿಂದ ಒದ್ದೆಯಾದ ಹತ್ತಿಯ ಅಂಗಿಯನ್ನು ಕೂಡಲೇ ಬದಲಾಯಿಸಿ. ಮೈಯ ಶಾಖವನ್ನು ನೆಲವೂ ಎಳೆದುಕೊಳ್ಳುವುದರಿಂದ ಖಾಲಿ ಮಾಡಿದ ಚೀಲಗಳ ಮೇಲೆ ಕುಳಿತು, ಪ್ಲಾಸ್ಟಿಕ್ ಹಾಳೆಯನ್ನು ಎಲ್ಲರೂ ಒಟ್ಟಿಗೆ ಹೊದ್ದು, ಒಬ್ಬರಿಗೊಬ್ಬರು ಒತ್ತಿಕೊಂಡಿರಿ. ಮುಖ ಮಾತ್ರ ಹೊರಗಿರಲಿ. ಬೆಂಕಿ ಹಾಕಬಾರದು. ಚಳಿಗಾಲಕ್ಕೆ ಒಣಗಿ ನಿಂತ ಹುಲ್ಲು ಒಂದು ಕಿಡಿಗೆ ಇಡೀ ಗುಡ್ಡವನ್ನು ಸುಟ್ಟೀತು, ಕಾನೂನಿನ ಪ್ರಕಾರವೂ ವನ್ಯಜೀವಿಧಾಮದೊಳಗೆ ಬೆಂಕಿ ಹಚ್ಚುವುದು ಅಪರಾಧ.

ಮೊಬೈಲಿನಲ್ಲಿ ಮೊದಲು 112ಕ್ಕೆ ಕರೆ ಮಾಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೊಂದು ಕಂಪನಿಯ ಗೋಪುರದ ಮೂಲಕ ಈ ಕರೆ ಹೋಗುವ ಸಾಧ್ಯತೆಯಿದೆ. ಮಾತು ಕೇಳಿಸದಿದ್ದರೆ, ಯಾವ ಜಾಗ ದಾಟಿ ಎಷ್ಟು ಹೊತ್ತು ನಡೆದಿರಿ, ಎಷ್ಟು ಜನ ಇದ್ದೀರಿ, ಯಾರಿಗೆ ಪೆಟ್ಟಾಗಿದೆ ಎಂಬುದನ್ನು ಮನೆಯವರಿಗೆ ಎಸ್ಸೆಮ್ಮೆಸ್ ಮಾಡಿ, ಆಮೇಲೆ ಒಂದು ಫೋನನ್ನು ಬಿಟ್ಟು ಉಳಿದವನ್ನೆಲ್ಲ ಆರಿಸಿಡಿ. ಸೀಟಿಯನ್ನು ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಬಾರಿ ಊದಬೇಕು; ಪರ್ವತಗಳಲ್ಲಿ ನೆರವು ಕೋರುವ ಸಂಕೇತವೇ ಇದು. ಟಾರ್ಚಿನಿಂದಲೂ ಹೀಗೆಯೇ ಮಾಡಬಹುದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ, ಉಂಗುರ, ಗಡಿಯಾರ ತೆಗೆದು, ನೆರವು ಬಂದ ಕೂಡಲೇ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು.

ಬೆಳಗಾದರೂ ತಕ್ಷಣ ಹೊರಡಬೇಡಿ. ನೆಲ ಸ್ಪಷ್ಟವಾಗಿ ಕಾಣುವವರೆಗೆ ಕಾದು, ಬೆಲ್ಲವನ್ನೋ ಕಡಲೆಯನ್ನೋ ತಿಂದು, ಮರಗಟ್ಟಿದ ಕಾಲುಗಳನ್ನು ತಿಕ್ಕಿಕೊಂಡು, ನಿಮಗೆ ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಹಿಂತಿರುಗಿ ಅಲ್ಲಿಂದ ದಾರಿ ಹಿಡಿಯಿರಿ. ಕೆಳಗಿಳಿದ ಮೇಲೆ ಅರಣ್ಯ ಇಲಾಖೆಯ ಚೌಕಿಗೂ 112ಕ್ಕೂ ನೀವು ಬಂದು ತಲುಪಿದ್ದನ್ನು ತಿಳಿಸಿ. ನಿಮ್ಮನ್ನು ಹುಡುಕಲು ಹೋದವರು ಇನ್ನೂ ಕಾಡಿನಲ್ಲೇ ಇರಬಹುದು.